ಸಹಿ ಸುಳ್ಳು, ಹಾಳೆ ನಿಜ: ಸರಸ್ವತಿಪುರಂನ ಒಂದು ಡಾಂಟೆ ಚಿತ್ರದ ಪ್ರಕರಣ

ಜೂನ್ ಎರಡನೇ ವಾರ. ಮೈಸೂರಿನಲ್ಲಿ ಮಳೆ ಆಗಷ್ಟೇ ಹಿಡಿದಿತ್ತು. ಸರಸ್ವತಿಪುರಂನಿಂದ ನಮ್ಮ ಮೇಷ್ಟ್ರ ಹೆಂಡತಿ ಫೋನ್ ಮಾಡಿದರು. ಅವರನ್ನು ನಾನು ಅಮ್ಮ ಅಂತಲೇ ಕರೆಯುವುದು.

"ಒಂದ್ಸಲ ಬಂದು ನೋಡ್ಬಿಡಪ್ಪ. ಆ ಪಟ ಡೂಪ್ಲಿಕೇಟ್ ಅಂತ ಯಾರೋ ಹೇಳಿದ್ರು. ನಿನ್ನೆಯಿಂದ ನಿಮ್ಮ ಮೇಷ್ಟ್ರು ಅದರ ಎದುರಿಗೇ ಕೂತಿದ್ದಾರೆ. ಮಾತಿಲ್ಲ, ಕತೆಯಿಲ್ಲ."

ಯಾವ ಪಟ ಅಂತ ನನಗೆ ಗೊತ್ತಿತ್ತು. ಏಪ್ರಿಲ್‌ನಲ್ಲಿ ಮೇಷ್ಟ್ರಿಗೆ 75 ತುಂಬಿದಾಗ ಬೆಂಗಳೂರಿನಲ್ಲಿರುವ ಮಗಳು ಕೊಟ್ಟ ಉಡುಗೊರೆ ಅದು. ಇಟಲಿಯ ಕವಿ ಡಾಂಟೆ ನರಕ, ಪರ್ಗಟೋರಿಯೊ, ಸ್ವರ್ಗ ಸುತ್ತಿ ಬಂದ ಕತೆ ಹೇಳುವ ಡಿವೈನ್ ಕಾಮೆಡಿ ಕಾವ್ಯಕ್ಕೆ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಮಾಡಿದ 100 ಚಿತ್ರಗಳಲ್ಲಿ ಒಂದರ ಅಚ್ಚು. ಕೆಳಗೆ ಬಲಗಡೆ ಪೆನ್ಸಿಲ್ಲಿನಲ್ಲಿ ಡಾಲಿಯ ಸಹಿ. ಎಡಗಡೆ ಪೆನ್ಸಿಲ್ಲಿನಲ್ಲೇ 84/150 ಅಂತ ನಂಬರು, ಅಂದರೆ 150 ಪ್ರತಿಗಳಲ್ಲಿ 84ನೆಯದು ಅಂತ. ಜೊತೆಗೆ ಒಂದು ಸರ್ಟಿಫಿಕೇಟು. ಆನ್‌ಲೈನ್‌ನಲ್ಲಿ ಮಾರುವ ಒಬ್ಬ ವ್ಯಾಪಾರಿಗೆ ಮಗಳು ಇದಕ್ಕೆ ಕೊಟ್ಟಿದ್ದು 1,10,000 ರೂಪಾಯಿ. ಮನೆಗೆ ಬಂದ ನೆಂಟರೊಬ್ಬರು ಚಿತ್ರವನ್ನು ನೋಡಿ, "ಡಾಲಿ ಸಹಿ ಇರೋದೆಲ್ಲ ಡೂಪ್ಲಿಕೇಟು, ಇಂಟರ್ನೆಟ್‌ನಲ್ಲಿ ನೋಡಿ ಬೇಕಾದ್ರೆ" ಅಂದುಬಿಟ್ಟಿದ್ದರು.

ಸಾಹಿತ್ಯ ಕೃತಿಗಳಿಗೆ ಆಧುನಿಕ ಕಲಾವಿದರು ಮಾಡಿದ ಅಚ್ಚುಚಿತ್ರಗಳನ್ನು ನಾನು 18 ವರ್ಷದಿಂದ ಕೂಡಿಸುತ್ತಿದ್ದೇನೆ. ನನ್ನ ಹತ್ತಿರ ಇರುವುದು ಬರೀ 14 ಹಾಳೆ. ಆದರೆ ಆ 14 ಹಾಳೆ ಕೊಳ್ಳುವ ಮುಂಚೆ ನೂರಾರು ಹಾಳೆ ನೋಡಿದ್ದೇನೆ, ಓದಿದ್ದೇನೆ, ಕೆಲವು ಸಲ ಮೋಸವನ್ನೂ ಹೋಗಿದ್ದೇನೆ. ಈ ಪ್ರಕರಣವನ್ನು ಮೇಷ್ಟ್ರ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ ಅಂದಿದ್ದಾರೆ.

ಡಾಂಟೆ ಮತ್ತು ನಮ್ಮ ಮೇಷ್ಟ್ರು

ಮೇಷ್ಟ್ರು ಇಂಗ್ಲಿಷ್ ಪಾಠ ಮಾಡುತ್ತಿದ್ದವರು. ನಾನು ಬಿ.ಎ. ಓದುವಾಗ ಡಾಂಟೆ ನಮಗೆ ಸಿಲಬಸ್‌ನಲ್ಲಿ ಇರಲಿಲ್ಲ. ಆದರೂ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಒಂದೊಂದು ತುಣುಕು ಓದಿ ಹೇಳುತ್ತಿದ್ದರು. "ಡಾಂಟೆ ಮೈಸೂರಿಗೆ ಹೊಸಬನಲ್ಲ ಕಣ್ರೋ" ಅನ್ನುತ್ತಿದ್ದರು. ಕುವೆಂಪು ಇದೇ ಊರಿನಲ್ಲಿ ಕೂತು ಶ್ರೀ ರಾಮಾಯಣ ದರ್ಶನಂ ಬರೆದವರು. ಅದರ ಆರಂಭದಲ್ಲಿ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಇವರಿಗೆ ನಮಸ್ಕಾರ ಹೇಳಿ, ಅದೇ ಉಸಿರಿನಲ್ಲಿ ನಾರಣಪ್ಪನಿಗೂ (ಅಂದರೆ ಕುಮಾರವ್ಯಾಸನಿಗೂ) ಪಂಪನಿಗೂ ಹೇಳುತ್ತಾರೆ. ಒಂದೇ ಸಾಲಿನಲ್ಲಿ ಕೂತವರು, ಬೇರೆ ದೇಶದವರು ಅಂತ ಯಾಕೆ ದೂರ ಇಡಬೇಕು ಅನ್ನುವುದು ಮೇಷ್ಟ್ರ ವಾದ.

ಇನ್ನೊಂದು ಮಾತನ್ನೂ ಅವರು ಹೇಳುತ್ತಿದ್ದರು. ನರಕಕ್ಕೆ ಕಾಲಿಟ್ಟು ಬಂದವನು ಡಾಂಟೆ ಒಬ್ಬನೇ ಅಲ್ಲ. ಧರ್ಮರಾಯನೂ ಹೋಗಿದ್ದ. ಸ್ವರ್ಗಕ್ಕೆ ಹೋದರೆ ಅಲ್ಲಿ ದುರ್ಯೋಧನ ಕೂತಿದ್ದಾನೆ. ತಮ್ಮಂದಿರು ಎಲ್ಲಿ ಅಂತ ಕೇಳಿದರೆ ದೇವದೂತ ಕತ್ತಲೆಯ, ಕೆಟ್ಟ ನಾತದ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ತಮ್ಮಂದಿರ ದನಿ. ಸ್ವಲ್ಪ ಹೊತ್ತು ಇಲ್ಲೇ ಇರು, ನಿನ್ನ ಮೈಮೇಲಿಂದ ಬರುವ ಗಾಳಿಯಿಂದ ನಮಗೆ ನೆಮ್ಮದಿ ಅನ್ನುತ್ತವೆ ಆ ದನಿಗಳು. ಧರ್ಮರಾಯ ವಾಪಸ್ ಹೋಗಲ್ಲ ಅಂತ ನಿಂತುಬಿಡುತ್ತಾನೆ. ನಾರಣಪ್ಪ ಗದಾಪರ್ವಕ್ಕೇ ನಿಲ್ಲಿಸಿದ. ಉಳಿದ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ನಾರಣಪ್ಪನೇ ಈ ಭಾಗ ಬರೆದಿದ್ದರೆ ಹೇಗಿರುತ್ತಿತ್ತು ಅಂತ ಮೇಷ್ಟ್ರು ಇವತ್ತಿಗೂ ಕೊರಗುತ್ತಾರೆ.

ಅವರ ಮಟ್ಟಿಗೆ ಆ ಹಾಳೆ ಗೋಡೆಯ ಅಲಂಕಾರವಲ್ಲ. ಅದು ಸುಳ್ಳು ಅಂದರೆ ಮಗಳ ದುಡ್ಡು ಹೋಯಿತು ಅನ್ನುವುದಕ್ಕಿಂತ ಜಾಸ್ತಿ ನೋವು ಅವರಿಗೆ.

ಈ ಹಾಳೆಗಳು ಬಂದ ಬಗೆ

ಚಿತ್ರ ಪರೀಕ್ಷೆ ಮಾಡುವ ಮುಂಚೆ ಇದನ್ನು ಸ್ವಲ್ಪ ಹೇಳಲೇಬೇಕು. 20ನೇ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡಿನ ಕೆಲವು ಪ್ರಕಾಶಕರು ಹಳೆಯ ಕೃತಿಗಳಿಗೆ ಹೊಸ ಕಲಾವಿದರಿಂದ ಚಿತ್ರ ಮಾಡಿಸಲು ಶುರು ಮಾಡಿದರು. ಪಿಕಾಸೊ ರೋಮನ್ ಕವಿ ಓವಿಡ್‌ನ ಮೆಟಮಾರ್ಫಸಿಸ್ ಕಾವ್ಯಕ್ಕೆ ಮಾಡಿದ 30 ಎಚ್ಚಿಂಗ್‌ಗಳು (ಲೋಹದ ತಗಡಿನ ಮೇಲೆ ಗೀರಿ ತೆಗೆದ ಅಚ್ಚುಗಳು) 1931ರಲ್ಲಿ ಬಂದವು. ಕಲಾವಿದ ಶಗಾಲ್ ಫ್ರೆಂಚ್ ಕವಿ ಲಾ ಫೊಂಟೇನನ ನೀತಿಕಥೆಗಳಿಗೆ 100 ಎಚ್ಚಿಂಗ್ ಮಾಡಿದ. ಮಾಡಿಸಿದ್ದು ವೊಲಾರ್ ಅನ್ನುವ ಪ್ರಕಾಶಕ. ಅವನು 1939ರಲ್ಲಿ ತೀರಿಹೋದ. ಪುಸ್ತಕ ಹೊರಗೆ ಬರುವ ಹೊತ್ತಿಗೆ 1952 ಆಗಿತ್ತು. ರಷ್ಯಾದಿಂದ ಬಂದವನಿಗೆ ನಮ್ಮ ಲಾ ಫೊಂಟೇನ್ ಯಾಕೆ ಕೊಟ್ಟಿರಿ ಅಂತ ಫ್ರಾನ್ಸಿನಲ್ಲಿ ಆಗ ದೊಡ್ಡ ಗಲಾಟೆಯಾಗಿತ್ತು. ಆದರೆ ಲಾ ಫೊಂಟೇನ್ ತನ್ನ ಎಷ್ಟೋ ಕತೆಗಳಿಗೆ ಭಾರತದ ಪಿಲ್ಪೇ ಅನ್ನುವ ಜ್ಞಾನಿಗೆ ಋಣಿ ಅಂತ ತಾನೇ ಬರೆದುಕೊಂಡಿದ್ದಾನೆ. ಆ ಕತೆಗಳ ಬೇರು ಪಂಚತಂತ್ರದಲ್ಲಿದೆ. ನಮ್ಮ ದುರ್ಗಸಿಂಹ 11ನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಕತೆಗೆ ಊರು ಯಾವುದು ಅಂತ ಜಗಳ ಆಡಿ ಗೆದ್ದವರಿಲ್ಲ.

ಡಾಲಿಯದ್ದೂ ಇಂಥದ್ದೇ ಕತೆ. ಡಾಂಟೆ ಹುಟ್ಟಿದ್ದು 1265ರಲ್ಲಿ. 700 ವರ್ಷದ ನೆನಪಿಗೆ ಅಂತ ಇಟಲಿ ಸರ್ಕಾರ 1950ರ ಸುಮಾರಿಗೆ ಡಾಲಿಯಿಂದ ಜಲವರ್ಣ ಚಿತ್ರಗಳನ್ನು ಕೇಳಿತು. ಇಟಲಿಯ ಮಹಾಕವಿಗೆ ಸ್ಪೇನ್‌ನವನು ಚಿತ್ರ ಬರೆಯುವುದೇ ಅಂತ ಅಲ್ಲಿ ವಿರೋಧ ಎದ್ದಿತು. ಸರ್ಕಾರ ಕೈಬಿಟ್ಟಿತು. ಡಾಲಿ ಬಿಡಲಿಲ್ಲ. ಪ್ಯಾರಿಸ್ಸಿನ ಪ್ರಕಾಶಕ ಜೋಸೆಫ್ ಫೊರೆ ಕೆಲಸ ವಹಿಸಿಕೊಂಡ. ಆಮೇಲೆ ಲೆಝರ್ ಕ್ಲೇರ್ ಅನ್ನುವ ಪ್ರಕಾಶನ ಅದನ್ನು ಮುಗಿಸಿತು. ನರಕಕ್ಕೆ 34, ಪರ್ಗಟೋರಿಯೊ ಅಂದರೆ ಪಾಪ ತೊಳೆದುಕೊಳ್ಳುವ ಬೆಟ್ಟಕ್ಕೆ 33, ಸ್ವರ್ಗಕ್ಕೆ 33, ಹೀಗೆ ಒಂದು ಸರ್ಗಕ್ಕೆ ಒಂದು ಚಿತ್ರ. ಜಲವರ್ಣವನ್ನು ಮರದಚ್ಚಿಗೆ ಇಳಿಸಿದ್ದು ರೇಮೊಂ ಜಾಕೆ ಮತ್ತು ಅವನ ಜೊತೆಯ ಕೆತ್ತನೆಗಾರರು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. 100 ಚಿತ್ರಕ್ಕೆ ಸುಮಾರು 3,500 ಅಚ್ಚು ಬೇಕಾದವು. ಒಂದು ಚಿತ್ರಕ್ಕೆ ಸರಾಸರಿ 35.

ಅಮ್ಮ ಇಲ್ಲಿ ನನ್ನನ್ನು ತಡೆದರು. "ಹಾಗಾದ್ರೆ ಡಾಲಿ ಕೈಯಿಂದ ಕೆತ್ತಲಿಲ್ಲ ಅಂತಾಯ್ತಲ್ಲ. ಮತ್ತೆ ಇದು ಅಸಲಿ ಹೇಗೆ?"

ಒಳ್ಳೆಯ ಪ್ರಶ್ನೆ. ಇದೇ ಕಾರಣಕ್ಕೆ ಈ ಹಾಳೆಗಳನ್ನು ಮೂಲ ಅಚ್ಚುಚಿತ್ರ ಅಂತ ಒಪ್ಪದ ಸಂಗ್ರಾಹಕರೂ ಇದ್ದಾರೆ. ಶಗಾಲ್ ತಾಮ್ರದ ತಗಡಿನ ಮೇಲೆ ತಾನೇ ಗೀರಿದ. ಇದು ಹಾಗಲ್ಲ. ಆದರೆ ಅಮ್ಮನ ಪ್ರಶ್ನೆಗೆ ಅವರ ಮನೆಯಲ್ಲೇ ಉತ್ತರ ಇತ್ತು. ದೇವರ ಮನೆಯಲ್ಲಿ ಮೇಷ್ಟ್ರ ತಾಯಿಯ ಕಾಲದ ರವಿವರ್ಮನ ಲಕ್ಷ್ಮಿ ಪಟ ಇದೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ. ಆಮೇಲೆ ಅದು ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲೂ ಒಂದು ಬಣ್ಣಕ್ಕೆ ಒಂದು ಕಲ್ಲು. ಕಲ್ಲಿನ ಮೇಲೆ ಚಿತ್ರ ಇಳಿಸಿದವರು ಬೇರೆ ಕುಶಲಿಗಳು. ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ತೈಲಚಿತ್ರ ಬೇರೆ, ಈ ಪಟ ಬೇರೆ. ಆದರೆ ಆ ಪ್ರೆಸ್ಸಿನ, ಆ ಕಾಲದ ಪಟ ಅಂದರೆ ಅದು ಅಸಲಿ ಪಟವೇ. ಅಮ್ಮನಿಗೆ ತಕ್ಷಣ ಗೊತ್ತಾಯಿತು. ನಮ್ಮ ಮುಂದೆ ಇದ್ದ ಪ್ರಶ್ನೆಯೂ ಅದೇ: ಇದು ಆ ಆವೃತ್ತಿಯ ಹಾಳೆಯೋ, ಈಚೆಗೆ ಯಾರೋ ನಕಲು ಹೊಡೆದದ್ದೋ?

ಊಟದ ಮೇಜಿನ ಮೇಲೆ

ಚೌಕಟ್ಟು ಬಿಚ್ಚಿದೆವು. ಇದನ್ನು ನಾನು ಮೊದಲು ಹೇಳುತ್ತೇನೆ. ಗಾಜಿನ ಹಿಂದೆ ಇರುವ ಚಿತ್ರವನ್ನು ನೋಡಿ ಯಾರೂ ತೀರ್ಪು ಕೊಡಬಾರದು. ಫೋಟೋ ನೋಡಿ ಅಂತೂ ಕೊಡಲೇಬಾರದು.

ಹಿಂದೆ ಹಾರ್ಡ್‌ಬೋರ್ಡು. ಅದಕ್ಕೆ ನೇರವಾಗಿ ಹಾಳೆ ಅಂಟಿಕೊಂಡಂತೆ ಕೂತಿತ್ತು. ನಾಲ್ಕು ಮೂಲೆಗೂ ಸೆಲೋಟೇಪು. ಗಾಜು ಚಿತ್ರಕ್ಕೆ ತಾಗುತ್ತಿತ್ತು. ಊರಿನ ಒಂದು ಅಂಗಡಿಯಲ್ಲಿ ದೇವರ ಫೋಟೋಗೆ ಕಟ್ಟು ಹಾಕುವ ಹಾಗೆಯೇ ಇದಕ್ಕೂ ಹಾಕಿಕೊಟ್ಟಿದ್ದರು. ಅವರ ತಪ್ಪು ಅಂತ ನಾನು ಅನ್ನಲ್ಲ. ಇದು ಬೇರೆ ಥರದ ಕಾಗದ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಕೈ ತೊಳೆದು ಒರೆಸಿಕೊಂಡು ಹಾಳೆ ಇಟ್ಟೆವು. ಅಳತೆ ಸುಮಾರು 33 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ. ಈ ಆವೃತ್ತಿಯ ಹಾಳೆ ಇರಬೇಕಾದ ಅಳತೆಯೇ. ಅಂದರೆ ಅಂಚು ಕತ್ತರಿಸಿಲ್ಲ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಒಂದು ಅಂಚಿನಲ್ಲಿ ರೀವ್ಸ್ ಕಾಗದದ ನೀರುಗುರುತು ಅರ್ಧ ಕಂಡಿತು. ರೀವ್ಸ್ ಅಂದರೆ ಫ್ರಾನ್ಸಿನ ಹತ್ತಿಯ ಕಾಗದ. ದೊಡ್ಡ ಹಾಳೆಯನ್ನು ಕತ್ತರಿಸಿ ಮಾಡುವುದರಿಂದ ಗುರುತು ಎಲ್ಲ ಹಾಳೆಯಲ್ಲೂ ಬೀಳುವುದಿಲ್ಲ. ಬಿದ್ದಿದ್ದು ನಮ್ಮ ಪುಣ್ಯ.

ಆಮೇಲೆ ಭೂತಗನ್ನಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕದು ಸಾಕು, ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದು. ಮೊದಲು ಫ್ರಿಜ್ ಮೇಲಿದ್ದ ಒಂದು ಲಗ್ನಪತ್ರಿಕೆ ತರಿಸಿ ಮೇಷ್ಟ್ರಿಗೆ ತೋರಿಸಿದೆ. ಅದರಲ್ಲಿದ್ದ ಗಣಪತಿಯ ಹೊಟ್ಟೆಯ ತುಂಬ ಚುಕ್ಕೆ. ನೀಲಿ, ಕೆಂಪು, ಹಳದಿ, ಕಪ್ಪು, ಸಣ್ಣ ಸಣ್ಣ ಹೂವಿನ ಹಾಗೆ. ಆಫ್‌ಸೆಟ್ ಮುದ್ರಣ ಅಂದರೆ ಇದು. ಆಮೇಲೆ ಅದೇ ಕನ್ನಡಿಯನ್ನು ಡಾಲಿಯ ಹಾಳೆ ಮೇಲೆ ಇಟ್ಟೆವು. ಒಂದು ಚುಕ್ಕೆಯೂ ಇಲ್ಲ. ಬಣ್ಣ ಪದರ ಪದರವಾಗಿ ಕೂತಿದೆ. ಒಂದು ಬಣ್ಣ ಇನ್ನೊಂದರ ಮೇಲೆ ಹತ್ತಿದ ಕಡೆ ಅಂಚು ಕಾಣುತ್ತದೆ. ದೂರದಿಂದ ನೀರು ಹರಡಿದ ಹಾಗೆ ಕಾಣುವ ಬಣ್ಣ, ಹತ್ತಿರದಿಂದ ನೋಡಿದರೆ ಎಷ್ಟೋ ಅಚ್ಚುಗಳ ಕೆಲಸ. ಮೇಷ್ಟ್ರು ಹತ್ತು ನಿಮಿಷ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಅವರು ನಕ್ಕಿದ್ದು ಆಗ.

ಹಾಳೆ ನಿಜ. ಅದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಇನ್ನು ಸಹಿ. ಅಲ್ಲಿ ನನಗೆ ಮೊದಲಿನಿಂದಲೂ ಸಮಾಧಾನ ಇರಲಿಲ್ಲ. ಈ ಚಿತ್ರಗಳು ಪುಸ್ತಕದ ಭಾಗವಾಗಿ ಬಂದವು. ಹೊಲಿಯದ ಬಿಡಿ ಹಾಳೆಗಳು, ಪೆಟ್ಟಿಗೆಯೊಳಗೆ. ಇಂಥ ಪುಸ್ತಕಗಳಲ್ಲಿ ನಂಬರು ಇರುವುದು ಇಡೀ ಪ್ರತಿಗೆ. ಸಹಿ ಇದ್ದರೆ ಸಾಮಾನ್ಯವಾಗಿ ಪುಸ್ತಕದ ವಿವರ ಇರುವ ಒಂದು ಪುಟದಲ್ಲಿ ಇರುತ್ತದೆ, ಪ್ರತಿ ಚಿತ್ರದ ಕೆಳಗೆ ಅಲ್ಲ. ಐರಿಷ್ ಲೇಖಕ ಜಾಯ್ಸ್‌ನ ಯುಲಿಸಿಸ್ ಕಾದಂಬರಿಗೆ ಫ್ರಾನ್ಸಿನ ಕಲಾವಿದ ಮಟೀಸ್ ಚಿತ್ರ ಮಾಡಿದ 1935ರ ಅಮೆರಿಕದ ಆವೃತ್ತಿಯನ್ನೇ ನೋಡಿ. 1,500 ಪ್ರತಿಗೂ ಮಟೀಸ್ ಸಹಿ ಹಾಕಿದ, 250 ಪ್ರತಿಗೆ ಜಾಯ್ಸ್ ಕೂಡ ಹಾಕಿದ. ಹಾಕಿದ್ದು ಪುಸ್ತಕಕ್ಕೆ. ಡಾಲಿ ಈ ಸರಣಿಯ ಕೆಲವು ಹಾಳೆಗೆ ಪೆನ್ಸಿಲ್ ಸಹಿ ಹಾಕಿದ್ದುಂಟು. ಆದರೆ ಅಂಥದ್ದಕ್ಕೆ ಇದು ಯಾವ ಪ್ರತಿಯಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ ಬೇಕು. ನಮ್ಮ ಸರ್ಟಿಫಿಕೇಟಿನಲ್ಲಿ ಅದು ಯಾವುದೂ ಇರಲಿಲ್ಲ. ಮಾರಿದವರೇ, ತಮ್ಮದೇ ಲೆಟರ್‌ಹೆಡ್ಡಿನಲ್ಲಿ, ಇದು ಅಸಲಿ ಅಂತ ಬರೆದು ಸಹಿ ಮಾಡಿದ್ದರು. ಅಷ್ಟೇ.

ಡಾಲಿಯ ಸಹಿಯ ಕತೆಯೇ ದುಃಖದ್ದು. ಆಮೇಲಾಮೇಲೆ ಅವನು ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಟ್ಟ. 1974ರಲ್ಲಿ ಅಂಡೋರಾ ಗಡಿಯಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಒಂದು ಲಾರಿ ತಡೆದಾಗ ಅವನ ಸಹಿ ಮಾತ್ರ ಇದ್ದ ಸುಮಾರು 40,000 ಖಾಲಿ ಹಾಳೆ ಸಿಕ್ಕವು. ಇದು ಸಾಲದು ಅಂತ ಅವನ ಸುಳ್ಳು ಸಹಿ ಹಾಕುವವರೂ ಹುಟ್ಟಿಕೊಂಡರು. ಹಾಗಾಗಿ ಡಾಲಿ ವಿಷಯದಲ್ಲಿ ಸಹಿ ಇದೆ ಅನ್ನುವುದು ಧೈರ್ಯ ಕೊಡುವ ಮಾತಲ್ಲ, ಇನ್ನೊಂದು ಸಲ ನೋಡಿ ಅನ್ನುವ ಮಾತು.

ಇಷ್ಟು ಹೇಳಿದರೂ ಇದೆಲ್ಲ ಅನುಮಾನ ಮಾತ್ರ. ಗಟ್ಟಿ ಸಾಕ್ಷಿ ಹುಡುಕಿಕೊಟ್ಟಿದ್ದು ಅಮ್ಮ.

ಹಾಳೆಯ ಮೇಲೆ ಚಿತ್ರದ ಸುತ್ತ ಒಂದು ತೆಳು ಕಂದು ಗೆರೆ ಇತ್ತು. ಚಿತ್ರಕ್ಕೆ ಅಂಟಿಕೊಂಡಂತೆ, ಅರ್ಧ ಸೆಂಟಿಮೀಟರ್ ಆಚೆ, ಚೌಕವಾಗಿ. "ಇದೇನು ಕಲೆ?" ಅಂದರು. ಹಿಂದೆ ಯಾವಾಗಲೋ ಇದಕ್ಕೆ ಹುಳಿ ಅಂಶದ ಅಗ್ಗದ ಮೌಂಟ್ ಬೋರ್ಡ್ (ಚಿತ್ರ ಕಾಣಲಿ ಅಂತ ನಡುವೆ ಕಿಟಕಿ ಕತ್ತರಿಸಿದ ರಟ್ಟು) ಹಾಕಿದ್ದರು, ಅದರ ಕಿಟಕಿಯ ಅಂಚು ವರ್ಷಗಟ್ಟಲೆ ತಾಗಿ ಕಾಗದ ಸುಟ್ಟ ಹಾಗಾಗಿದೆ ಅಂತ ಹೇಳಿದೆ.

"ಅಂದ್ರೆ ಈ ಗೆರೆಯಿಂದ ಆಚೆ ಇರೋದೆಲ್ಲ ರಟ್ಟಿನ ಕೆಳಗಿತ್ತಾ?"

"ಹೌದಮ್ಮ."

"ಹಾಗಾದ್ರೆ ಸಹಿನೂ ರಟ್ಟಿನ ಕೆಳಗಿತ್ತು." ಸ್ವಲ್ಪ ತಡೆದು ಅಂದರು, "ಒಡವೆ ಮಾಡಿಸ್ಕೊಂಡು ಯಾರಾದ್ರೂ ಸೆರಗಲ್ಲಿ ಮುಚ್ಕೋತಾರಾ?"

ನಾನು ಮತ್ತೆ ಬಗ್ಗಿ ನೋಡಿದೆ. ಸಹಿಯೂ ನಂಬರೂ ಕಂದು ಗೆರೆಯಿಂದ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಕೆಳಗಿದ್ದವು. ಹಿಂದಿನ ಒಡೆಯರ ಗೋಡೆಯ ಮೇಲೆ ಇದ್ದಷ್ಟು ವರ್ಷವೂ ಆ ಜಾಗ ಮುಚ್ಚಿತ್ತು. ಡಾಲಿಯ ಸಹಿ ಇರುವ ಹಾಳೆಯನ್ನು ಕೊಂಡವರು ಸಹಿ ಕಾಣದ ಹಾಗೆ ಕಟ್ಟು ಹಾಕಿಸುವುದು ತೀರಾ ಅಪರೂಪ. ಆಗ ಸಹಿ ಇರಲೇ ಇಲ್ಲ, ಹಾಳೆ ಕೈ ಬದಲಾದ ಮೇಲೆ ಯಾರೋ ಹಾಕಿದ್ದಾರೆ ಅನ್ನುವುದು ಹೆಚ್ಚು ಸರಿ ಹೊಂದುತ್ತದೆ. 18 ವರ್ಷದಿಂದ ಇಂಥ ಗೆರೆಗಳನ್ನು ನೋಡುತ್ತಿದ್ದೇನೆ. ಅದನ್ನು ಹೀಗೆ ಓದಬಹುದು ಅಂತ ನನಗೆ ಹೊಳೆದಿರಲಿಲ್ಲ.

ಸರ್ಗದಲ್ಲಿ ಇಲ್ಲದ ದೇವದೂತ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ದುಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅವರ ಹಾಳೆ ಪರ್ಗಟೋರಿಯೊದ ಮೊದಲ ಸರ್ಗದ್ದು. ಬಿದ್ದ ದೇವದೂತ ಅಂತ ಅದರ ಹೆಸರು. ರೆಕ್ಕೆ ಇರುವ ಒಂದು ಆಕೃತಿ ನಿಂತಿದೆ. ಮೈಯಲ್ಲಿ ಮೇಜಿನ ಖಾನೆಗಳ ಹಾಗೆ ಡ್ರಾಯರ್‌ಗಳು ತೆರೆದಿವೆ. ತಲೆ ಬಗ್ಗಿಸಿ ತನ್ನದೇ ಡ್ರಾಯರ್ ಒಳಗೆ ಇಣುಕುತ್ತಿದೆ. ನೂರು ಚಿತ್ರಗಳಲ್ಲಿ ತುಂಬಾ ಪ್ರಸಿದ್ಧವಾದದ್ದು ಇದು.

ಹಾಳೆಯ ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು ಪುಸ್ತಕ ತೆಗೆದರು. ಸರ್ಗವನ್ನು ಪೂರ್ತಿ ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ನನ್ನ ಬುದ್ಧಿಶಕ್ತಿಯ ಪುಟ್ಟ ದೋಣಿ ಈಗ ಒಳ್ಳೆಯ ನೀರಿಗೆ ಹಾಯಿ ಎತ್ತುತ್ತಿದೆ ಅಂತ ಶುರು. ನರಕ ಹಿಂದೆ ಉಳಿದಿದೆ. ಬೆಳಗಿನ ಜಾವ. ಪೂರ್ವದಲ್ಲಿ ಶುಕ್ರ. ದಕ್ಷಿಣದ ಆಕಾಶದಲ್ಲಿ ನಾಲ್ಕು ನಕ್ಷತ್ರ. ಉದ್ದ ಗಡ್ಡದ ಮುದುಕ ಕೇಟೊ ಎದುರಾಗಿ, ನೀವು ಯಾರು, ಹೇಗೆ ಬಂದಿರಿ ಅಂತ ಕೇಳುತ್ತಾನೆ. ಇವನ ಮುಖ ತೊಳಿ, ನಡುವಿಗೆ ಜೊಂಡು ಕಟ್ಟು ಅಂತ ಡಾಂಟೆಗೆ ದಾರಿ ತೋರಿಸುತ್ತ ಬಂದ ಕವಿ ವರ್ಜಿಲನಿಗೆ ಹೇಳುತ್ತಾನೆ. ವರ್ಜಿಲ ಹುಲ್ಲಿನ ಮೇಲಿನ ಇಬ್ಬನಿಯಲ್ಲಿ ಕೈ ಒದ್ದೆ ಮಾಡಿಕೊಂಡು, ನರಕದ ಮಸಿ ಹತ್ತಿದ ಡಾಂಟೆಯ ಕೆನ್ನೆ ಒರೆಸುತ್ತಾನೆ. ನೀರಿನ ಅಂಚಿನಲ್ಲಿ ಬೆಳೆದ ಜೊಂಡು ಕಿತ್ತು ಸೊಂಟಕ್ಕೆ ಕಟ್ಟುತ್ತಾನೆ. ಕಿತ್ತ ಜಾಗದಲ್ಲೇ ಇನ್ನೊಂದು ಜೊಂಡು ಎದ್ದು ನಿಲ್ಲುತ್ತದೆ. ಸರ್ಗ ಮುಗಿಯಿತು.

ದೇವದೂತ ಎಲ್ಲಿ? ಇಲ್ಲ. ಬಿದ್ದವನೂ ಇಲ್ಲ, ಎದ್ದವನೂ ಇಲ್ಲ. ಡ್ರಾಯರ್ ಅಂತೂ ಇಲ್ಲವೇ ಇಲ್ಲ.

ಅಮ್ಮನಿಗೆ ಸಿಟ್ಟು ಬಂತು. ಇಷ್ಟು ಚೆಂದದ ಇಬ್ಬನಿ, ಜೊಂಡು ಎಲ್ಲ ಬಿಟ್ಟು ಇದನ್ನು ಯಾಕೆ ಬರೆದ ಅಂತ. ನನ್ನ ಅಭಿಪ್ರಾಯವೂ ಆವತ್ತು ಹೆಚ್ಚುಕಡಿಮೆ ಅದೇ ಇತ್ತು. ಡ್ರಾಯರ್ ಡಾಲಿಯ ಹಳೆಯ ಅಭ್ಯಾಸ. 1936ರಲ್ಲೇ ವೀನಸ್ ಪ್ರತಿಮೆಯ ಮೈಗೆ ಡ್ರಾಯರ್ ಇಟ್ಟಿದ್ದ. ಮನುಷ್ಯನೊಳಗೆ ಮುಚ್ಚಿಟ್ಟ ಖಾನೆಗಳಿವೆ ಅನ್ನುವ ಫ್ರಾಯ್ಡನ ವಿಚಾರ ಅವನಿಗೆ ಹಿಡಿಸಿತ್ತು. ಕೈಗೆ ಅಭ್ಯಾಸವಾದದ್ದನ್ನು ಇಲ್ಲೂ ತಂದು ಹಾಕಿದ್ದಾನೆ ಅಂದೆ. ಮಟೀಸ್ ಕೂಡ ಹೀಗೇ ಮಾಡಿದ. ಜಾಯ್ಸ್‌ನ ಕಾದಂಬರಿಗೆ ಚಿತ್ರ ಬರೆಯಿರಿ ಅಂದರೆ ಹೋಮರನ ಒಡಿಸ್ಸಿಯ ಪ್ರಸಂಗಗಳನ್ನು ಬರೆದುಕೊಟ್ಟ.

ಮೇಷ್ಟ್ರು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಚಿತ್ರವನ್ನೇ ನೋಡುತ್ತಿದ್ದು ಹೇಳಿದರು.

"ನಮ್ಮಮ್ಮ ಕಾಶಿಗೆ ಹೊರಟಾಗ ನನಗೆ ಹನ್ನೆರಡು ವರ್ಷ. ಆಗೆಲ್ಲ ಕಾಶಿಗೆ ಹೋದವರು ವಾಪಸ್ ಬರ್ತಾರೆ ಅನ್ನೋ ಖಾತ್ರಿ ಇರ್ಲಿಲ್ಲ ನೋಡು. ಹೊರಡೋ ಹಿಂದಿನ ದಿನ ಮನೆಯ ಎಲ್ಲ ಪೆಟ್ಟಿಗೆ, ಎಲ್ಲ ಖಾನೆ ಎಳೆದು ನೆಲದ ಮೇಲೆ ಇಟ್ಟಳು. ಯಾರಿಂದ ಏನು ತಂದಿದ್ದಳೋ ವಾಪಸ್ ಕಳಿಸಿದಳು. ಪಕ್ಕದ ಮನೆಯ ಒಂದು ಕಂಚಿನ ಲೋಟ ನಮ್ಮಲ್ಲೇ ಉಳಿದಿತ್ತು. ಎಷ್ಟು ವರ್ಷ ಆಗಿತ್ತೋ. ಅದನ್ನ ತಾನೇ ಹೋಗಿ ಕೊಟ್ಟು, ತಪ್ಪಾಯ್ತು ಅಂದು ಬಂದಳು. ಪಾಪ ತೊಳೆಯೋ ಬೆಟ್ಟ ಹತ್ತೋಕೆ ಮುಂಚೆ ಅವಳು ಮಾಡಿದ್ದು ಅದು. ಖಾನೆ ಎಳೆದು ನೋಡೋದು. ಇವನೂ ಅದನ್ನೇ ಮಾಡ್ತಿದ್ದಾನೆ."

ಯಾರೂ ಮಾತಾಡಲಿಲ್ಲ. ಹೊರಗೆ ಮಳೆ ಜೋರಾಗಿತ್ತು.

ಡಾಲಿ ಇದನ್ನೇ ಯೋಚಿಸಿದ್ದ ಅಂತ ನಾನು ಹೇಳಲಾರೆ. ಆದರೆ ಸಾಹಿತ್ಯದ ಅಚ್ಚುಚಿತ್ರ ಕೂಡಿಸುವುದು ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಈಗ ಆ ಸಂಜೆಯ ವಿಷಯ ಹೇಳುತ್ತೇನೆ. ಕವಿತೆಯಲ್ಲಿ ಇರುವುದನ್ನೇ ತೋರಿಸುವ ಚಿತ್ರ ಒಂದು ಸಲ ನೋಡಿದರೆ ಮುಗಿಯಿತು. ಕವಿತೆಯ ಪಕ್ಕದಲ್ಲಿ ನಿಂತು ಬೇರೇನೋ ಹೇಳುವ ಚಿತ್ರ ನಮ್ಮನ್ನು ಮತ್ತೆ ಪುಸ್ತಕಕ್ಕೆ ಕಳಿಸುತ್ತದೆ. ಅದಕ್ಕೇ ನಾನು ಕೊಳ್ಳುವ ಮುಂಚೆ ಆ ಭಾಗ ಓದುತ್ತೇನೆ, ಕೊಂಡ ಮೇಲೆ ಇನ್ನೊಮ್ಮೆ ಓದುತ್ತೇನೆ. ಓದದೆ ಕೊಂಡ ಎರಡು ಹಾಳೆ ನನ್ನ ಹತ್ತಿರ ಇವೆ. ಅವು ನನಗೆ ಇವತ್ತಿಗೂ ಅಪರಿಚಿತ.

ಇಟ್ಟುಕೊಳ್ಳುವುದೋ, ಕಳಿಸುವುದೋ

ಮಗಳಿಗೆ ಫೋನ್ ಮಾಡಿದೆವು. ಅವಳಿಗೆ ಅಳುವೇ ಬಂತು. ಪೂರ್ತಿ ವಾಪಸ್ ಮಾಡೋಣ, ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದಳು. ಅಮ್ಮನ ಪ್ರಶ್ನೆ, ಆ ಸಹಿಯನ್ನು ರಬ್ಬರಿನಲ್ಲಿ ಅಳಿಸಿಬಿಟ್ಟರೆ ಆಗಲ್ವಾ ಅಂತ. ಮೇಷ್ಟ್ರದ್ದು ಒಂದೇ ಮಾತು: "ಹಾಳೆ ಎಲ್ಲೂ ಹೋಗಲ್ಲ."

ಅಳಿಸುವುದು ಬೇಡ ಅಂತ ನಾನು ಗಟ್ಟಿಯಾಗಿ ಹೇಳಿದೆ. ಪೆನ್ಸಿಲ್ ಹೋದರೂ ಒತ್ತಿದ ಗುರುತು ಉಳಿಯುತ್ತದೆ, ಕಾಗದದ ಮೇಲ್ಮೈ ಏಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಸಾಕ್ಷಿ.

ಸಹಿ ಇಲ್ಲದ ಇದೇ ಹಾಳೆಗೆ ಬೇರೆ ಇಬ್ಬರು ಮಾರಾಟಗಾರರಿಂದ ಬೆಲೆ ತರಿಸಿದೆ. ಒಬ್ಬರು 28,000, ಇನ್ನೊಬ್ಬರು 34,000 ಹೇಳಿದರು. ಉಳಿದದ್ದೆಲ್ಲ ಪೆನ್ಸಿಲ್ ಗೆರೆಗೆ ಕೊಟ್ಟ ದುಡ್ಡು. ವ್ಯಾಪಾರಿಗೆ ಮಗಳ ಹೆಸರಿನಲ್ಲಿ ಕಾಗದ ಬರೆದೆವು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಹಾಳೆ ಅಸಲಿ ಅಂತ ಒಪ್ಪಿಕೊಂಡೇ, ಸಹಿ ಎಲ್ಲಿಂದ ಬಂತು ಅನ್ನುವ ದಾಖಲೆ ಕಳಿಸಿ ಅಂತ ಕೇಳಿದೆವು. ಸರ್ಟಿಫಿಕೇಟ್ ಕೊಟ್ಟಿದ್ದೇವಲ್ಲ ಅಂತ ಮೊದಲ ಉತ್ತರ. ಎರಡನೇ ಸಲ ಕಂದು ಗೆರೆಯ ಫೋಟೋ, ಗೆರೆಯಿಂದ ಸಹಿಗೆ ಎಷ್ಟು ದೂರ ಅನ್ನುವ ಅಳತೆ, ಸ್ಕೇಲ್ ಇಟ್ಟು ತೆಗೆದ ಚಿತ್ರ, ಎಲ್ಲ ಕಳಿಸಿದೆವು. 19 ದಿನ ಸುದ್ದಿ ಇಲ್ಲ. ಆಮೇಲೆ 70,000 ರೂಪಾಯಿ ವಾಪಸ್ ಬಂತು. ಹಾಳೆ ನೀವೇ ಇಟ್ಟುಕೊಳ್ಳಿ ಅಂದರು. ಲೆಕ್ಕಕ್ಕೆ ಹಾಳೆ 40,000ಕ್ಕೆ ಬಿತ್ತು. ಸ್ವಲ್ಪ ಜಾಸ್ತಿಯೇ. ಮಗಳು ಇನ್ನೂ ಒತ್ತಾಯ ಮಾಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಮೇಷ್ಟ್ರಿಗೆ ಆ ವಿಷಯ ಮುಗಿದರೆ ಸಾಕಾಗಿತ್ತು.

ಮತ್ತೆ ಚೌಕಟ್ಟು

ಮೈಸೂರಿನ ಹವೆ ಒಳ್ಳೆಯದು ಅಂತ ನಾವೆಲ್ಲ ಹೇಳಿಕೊಳ್ಳುತ್ತೇವೆ. ಕಾಗದಕ್ಕೆ ಜೂನ್‌ನಿಂದ ಅಕ್ಟೋಬರ್ ತನಕ ಅಷ್ಟೇನೂ ಒಳ್ಳೆಯದಲ್ಲ. ತೇವ ಹಿಡಿದರೆ ಕಂದು ಚುಕ್ಕೆ ಏಳುತ್ತವೆ. ಬೆಳ್ಳಿ ಬಣ್ಣದ ಸಣ್ಣ ಹುಳ ಅಂಚು ತಿನ್ನುತ್ತದೆ. ಮೇಷ್ಟ್ರ ಮನೆಯಲ್ಲಿ ಹಾಳೆಯನ್ನು ನೇತುಹಾಕಿದ್ದು ಪಶ್ಚಿಮದ ಹೊರಗೋಡೆಗೆ, ಮಳೆ ನೇರವಾಗಿ ಹೊಡೆಯುವ ಗೋಡೆ. ಸಂಜೆ ಬಿಸಿಲು ಬೇರೆ. ಮೊದಲು ಅಲ್ಲಿಂದ ತೆಗೆಸಿ, ನಡುಮನೆಯ ಒಳಗೋಡೆಗೆ ಜಾಗ ಮಾಡಿಸಿದೆ.

ಸೆಲೋಟೇಪನ್ನು ನಾನು ಕೀಳಲು ಹೋಗಲಿಲ್ಲ. ಕಾಗದದ ಸಂರಕ್ಷಣೆ ಕಲಿತವರ ಹತ್ತಿರ ಬೆಂಗಳೂರಿಗೆ ಕಳಿಸಿದೆವು. ಗೋಂದಿನ ಜಿಡ್ಡು ಪೂರ್ತಿ ಹೋಗಲಿಲ್ಲ, ಆದರೆ ಅದು ಹಿಂಬದಿ. ವಾಪಸ್ ಬಂದ ಮೇಲೆ ಹುಳಿ ಅಂಶ ಇಲ್ಲದ ಮೌಂಟ್ ಬೋರ್ಡ್ ತರಿಸಿದೆವು. ಹಾಳೆಯ ಮೇಲಂಚಿಗೆ ಮಾತ್ರ ಎರಡು ಕಡೆ ತೆಳು ಜಪಾನಿ ಕಾಗದದ ಪಟ್ಟಿ, ಅದಕ್ಕೆ ಗೋಧಿ ಗಂಜಿಯ ಅಂಟು. ನಾಳೆ ಬೇಕಾದರೆ ನೀರು ಸೋಕಿಸಿ ಬಿಡಿಸಬಹುದು. ಫೆವಿಕಾಲ್ ಹಾಕಿದರೆ ಬಿಡಿಸುವ ಮಾತೇ ಇಲ್ಲ. ಗಾಜು ಚಿತ್ರಕ್ಕೆ ತಾಗದ ಹಾಗೆ ದಪ್ಪ ಮೌಂಟ್. ಇದೆಲ್ಲ ಮಾಡಿದ್ದು ಮೊದಲು ಕಟ್ಟು ಹಾಕಿದ ಅಂಗಡಿಯ ಹುಡುಗನೇ. ನಾನು ಪಕ್ಕದಲ್ಲಿ ಕೂತು ಹೇಳಿದೆ. ಅವನು ಎರಡನೇ ಪಟ್ಟಿಯನ್ನು ನನಗಿಂತ ನೀಟಾಗಿ ಅಂಟಿಸಿದ.

ಕಿಟಕಿ ಎಷ್ಟು ದೊಡ್ಡದು ಕತ್ತರಿಸಲಿ ಅಂತ ಅವನು ಕೇಳಿದಾಗ ಮೇಷ್ಟ್ರ ಮುಖ ನೋಡಿದೆ. ಸಹಿ ಕಾಣುವ ಹಾಗೆ ಇಡುವುದೋ, ಮುಚ್ಚುವುದೋ? ಅವರು ಕಂದು ಗೆರೆಯ ಮೇಲೆ ಬೆರಳು ತೋರಿಸಿ, "ಮೊದಲಿನವರು ಎಲ್ಲಿಗೆ ಹಾಕಿಸಿದ್ರೋ ಅಲ್ಲಿಗೇ" ಅಂದರು. ಗೆರೆಯೂ ಮುಚ್ಚಲಿ ಅಂತ ಎರಡು ಮಿಲಿಮೀಟರ್ ಒಳಗೆ ಕತ್ತರಿಸಿದೆವು.

ಚೌಕಟ್ಟಿನ ಹಿಂದೆ ಒಂದು ಲಕೋಟೆ ಇದೆ. ಅದರಲ್ಲಿ ಮೇಷ್ಟ್ರು ತಮ್ಮ ಕೈಯಲ್ಲೇ ಬರೆದ ಚೀಟಿ. ಹಾಳೆ ಯಾವುದು, ಯಾವ ಸರ್ಗದ್ದು, ಎಷ್ಟಕ್ಕೆ ಕೊಂಡದ್ದು, ಎಷ್ಟು ವಾಪಸ್ ಬಂತು, ಎಲ್ಲ ಇದೆ. ಕೊನೆಯಲ್ಲಿ ಹೀಗೆ ಬರೆದಿದ್ದಾರೆ: "ರಟ್ಟಿನ ಕೆಳಗಿರುವ ಪೆನ್ಸಿಲ್ ಸಹಿ ಡಾಲಿಯದಲ್ಲ ಎಂದು ನಾವು ತಿಳಿದಿದ್ದೇವೆ. ಮುಂದೆ ಇದನ್ನು ಮಾರುವ ಸಂದರ್ಭ ಬಂದರೆ ಕೊಳ್ಳುವವರಿಗೆ ಈ ಚೀಟಿ ತೋರಿಸಬೇಕು."

ಈಗ ಅವರು ಎರಡನೇ ಸರ್ಗ ಓದುತ್ತಿದ್ದಾರೆ. ಅದರ ಹಾಳೆ ಎಲ್ಲಾದರೂ ಕಂಡರೆ ಹೇಳು ಅಂದಿದ್ದಾರೆ, ಸಹಿ ಇಲ್ಲದ್ದು.